ಕೆರಿಬಿಯನ್‌ನಲ್ಲಿ ಇಬ್ಬರಿಗೊಂದು ದ್ವೀಪ: ಯಾವುದು, ಯಾರಿಗೆ, ಯಾವಾಗ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ದಂಪತಿಗಳು ಚಳಿ ಶುರುವಾಗುತ್ತಿದ್ದಂತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅರೂಬಾ ಒಳ್ಳೆಯದೋ, ಸೇಂಟ್ ಲೂಸಿಯಾ ಒಳ್ಳೆಯದೋ, ಎಲ್ಲರೂ ಹೋಗುವ, ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾ ಸಾಕೋ? ಯಾವ ಕಡಲತೀರ ಹೆಚ್ಚು ಚೆಂದ ಎಂಬುದೇ ಅವರ ಅಳತೆಗೋಲು. ನನ್ನ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ಸಂಗತಿ. ಕೆರಿಬಿಯನ್‌ನಲ್ಲಿ ಕೆಟ್ಟ ಕಡಲತೀರ ಸಿಗಬೇಕಾದರೆ ಹುಡುಕಿಕೊಂಡೇ ಹೋಗಬೇಕು. ರಜೆ ಕೆಡುವುದು ಬೇರೆ ಕಾರಣಗಳಿಗೆ: ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿದ ವೀಸಾ, ತಪ್ಪು ತಿಂಗಳು, ಗಾಳಿ ಬಡಿಯುವ ದಡ, ತಟ್ಟೆಯಲ್ಲಿ ತಿನ್ನುವಂಥದ್ದೇನೂ ಇಲ್ಲದಿರುವುದು, ಮೂರನೆಯ ಮಧ್ಯಾಹ್ನಕ್ಕೇ ಇಬ್ಬರಲ್ಲಿ ಒಬ್ಬರಿಗೆ ಬೇಸರ ಹತ್ತುವುದು. ಈ ಐದನ್ನು ಮೊದಲು ತೀರ್ಮಾನಿಸಿಕೊಂಡರೆ ದ್ವೀಪಗಳ ಉದ್ದ ಪಟ್ಟಿ ತಾನಾಗಿ ಎರಡೋ ಮೂರೋ ಹೆಸರಿಗೆ ಇಳಿಯುತ್ತದೆ.

ಮೊದಲು ಕಾಗದಪತ್ರ

ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರು ಈ ಭಾಗವನ್ನು ಬೇಗ ದಾಟಬಹುದು. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇರುವವರು ಮಾತ್ರ ಇಲ್ಲಿ ನಿಲ್ಲಬೇಕು. ಕೆಲಸದ ಅನುಮತಿ ನವೀಕರಣವಾಗಿದ್ದು, ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿರುವವರು ನಮ್ಮಲ್ಲಿ ಬಹಳ. ಅಂಥವರು ಅಮೆರಿಕದ ಒಳಗೆ ನಿಶ್ಚಿಂತೆಯಿಂದ ಇರಬಹುದು. ಹೊರಗೆ ಹೋದರೆ ಮರಳಲು ಹೊಸ ಮುದ್ರೆ ಬೇಕು. ಇದಕ್ಕೊಂದು ವಿನಾಯಿತಿ ಇದೆ. 30 ದಿನದೊಳಗಿನ ಪ್ರವಾಸವಾದರೆ ಹಳೆಯ ಮುದ್ರೆಯಲ್ಲೇ ಮರಳಬಹುದು ಎಂಬ ನಿಯಮವದು. ಆದರೆ ಎಚ್-1ಬಿಯವರಿಗೆ ಅದು ಕೆನಡಾ ಮತ್ತು ಮೆಕ್ಸಿಕೊಗಳಿಗೆ ಮಾತ್ರ ಅನ್ವಯಿಸುತ್ತದೆ. ಕ್ಯೂಬಾ ಬಿಟ್ಟು ಕೆರಿಬಿಯನ್ ದ್ವೀಪಗಳಿಗೂ ಅದು ವಿಸ್ತರಿಸುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ. ಗೆಳೆಯನೊಬ್ಬ ವಿದ್ಯಾರ್ಥಿಯಾಗಿದ್ದಾಗ ಹೀಗೆ ಹೋಗಿಬಂದ ಎಂದು ನಂಬಿಕೊಂಡು ಎಚ್-1ಬಿಯವರು ಟಿಕೆಟ್ ತೆಗೆದರೆ ಜಮೈಕಾದಲ್ಲಿ ಸಿಕ್ಕಿಬೀಳುತ್ತಾರೆ. ವಕೀಲರನ್ನು ಒಮ್ಮೆ ಕೇಳಿಕೊಳ್ಳುವುದು ವಿಮಾನದ ಟಿಕೆಟಿಗಿಂತ ಅಗ್ಗ.

ಇಂಥವರಿಗೆ ಉಳಿಯುವುದು ಎರಡೇ ಹೆಸರು: ಪೋರ್ಟೊ ರಿಕೊ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳು. ಎರಡೂ ಅಮೆರಿಕದ ನೆಲ. ಆದರೂ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್‌ನಿಂದ ಮರಳುವಾಗ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗಳು ದಾಖಲೆ ನೋಡುತ್ತಾರೆ. ಪಾಸ್‌ಪೋರ್ಟು, ಕೆಲಸದ ಅನುಮತಿಯ ಮೂಲ ಪತ್ರ ಕೈಚೀಲದಲ್ಲಿರಲಿ.

ಮುದ್ರೆ ಚಾಲ್ತಿಯಲ್ಲಿದ್ದರೆ ದಾರಿ ಅಗಲವಾಗಿದೆ. ಭಾರತದ ಪಾಸ್‌ಪೋರ್ಟಿನ ಜೊತೆ ಅಮೆರಿಕದ ಚಾಲ್ತಿ ವೀಸಾ ಇದ್ದರೆ ಅರೂಬಾ, ಡೊಮಿನಿಕನ್ ಗಣರಾಜ್ಯ, ಟರ್ಕ್ಸ್ ಮತ್ತು ಕೈಕೋಸ್‌ಗಳಿಗೆ ಬೇರೆ ವೀಸಾ ಬೇಕಿಲ್ಲ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳು ಭಾರತದ ಪಾಸ್‌ಪೋರ್ಟನ್ನು ಹಾಗೆಯೇ ಒಪ್ಪುತ್ತವೆ. ಇವು ಕ್ರಿಕೆಟ್ ಆಡುವ ನಾಡುಗಳು ಎಂಬುದು ಕಾರಣವೋ ಅಲ್ಲವೋ, ಗಡಿಯಲ್ಲಿ ಮಾತು ಸಲೀಸಾಗಲು ಅದು ಸಾಕು. ನಿಯಮಗಳು ಬದಲಾಗುತ್ತಿರುತ್ತವೆ, ಹಣ ಕಟ್ಟುವ ಮೊದಲು ಆಯಾ ದೇಶದ ಸರ್ಕಾರಿ ತಾಣದಲ್ಲಿ ನೋಡಿಕೊಳ್ಳಿ.

ಬೆಂಗಳೂರಿನಿಂದಲೇ ಹೊರಡುವವರಿಗೆ ಇನ್ನೊಂದು ಮಾತು. ನೇರ ವಿಮಾನ ಯಾವ ದ್ವೀಪಕ್ಕೂ ಇಲ್ಲ. ಲಂಡನ್ ಮೂಲಕ ಬಾರ್ಬಡೋಸ್ ಅಥವಾ ಸೇಂಟ್ ಲೂಸಿಯಾ, ಆಮ್‌ಸ್ಟರ್‌ಡ್ಯಾಮ್ ಮೂಲಕ ಅರೂಬಾ ಅಥವಾ ಕುರಸಾವ್ ಅನುಕೂಲದ ದಾರಿಗಳು. ನಡುವೆ ಇಳಿಯುವ ದೇಶದ ವೀಸಾ ಬೇಕೇ ಎಂಬುದನ್ನೂ ನೋಡಬೇಕು. ಹೋಗಿಬರಲು ನಾಲ್ಕು ದಿನ ಕಳೆಯುವ ಈ ಪ್ರಯಾಣವನ್ನು ವಾರದ ರಜೆಗಾಗಿ ಮಾಡಬೇಡಿ. ಯೂರೋಪಿನ ಪ್ರವಾಸಕ್ಕೋ ಅಮೆರಿಕದ ನೆಂಟರ ಮನೆಗೋ ಜೋಡಿಸಿಕೊಳ್ಳಿ. ಕ್ಯಾಲಿಫೋರ್ನಿಯಾದವರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಇದನ್ನೇ. ನ್ಯೂಯಾರ್ಕಿನಿಂದ ಪೋರ್ಟೊ ರಿಕೊದ ಸ್ಯಾನ್ ಹ್ವಾನ್ ನಾಲ್ಕು ಗಂಟೆ, ಬಾರ್ಬಡೋಸ್ ಐದು ಗಂಟೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟರೆ ವಿಮಾನ ಬದಲಿಸುತ್ತ ಒಂದಿಡೀ ದಿನ ಹೋಗುತ್ತದೆ. ಐದು ದಿನದ ರಜೆಯಾದರೆ ಹವಾಯಿಯೇ ಲೇಸು.

ತಿಂಗಳು, ಗಾಳಿ, ದಡದ ದಿಕ್ಕು

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ನಿಜವಾಗಿ ಹೆದರಬೇಕಾದದ್ದು ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ. ಸೆಪ್ಟೆಂಬರ್‌ನಲ್ಲಿ ಕೋಣೆಗಳು ಅರ್ಧ ಬೆಲೆಗೆ ಸಿಗುವುದು ಇದೇ ಕಾರಣಕ್ಕೆ. ಆ ಅಗ್ಗದಲ್ಲಿ ಅಪಾಯದ ಬೆಲೆಯೂ ಸೇರಿದೆ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಮತ್ತು ಮರಿಯಾ ಎರಡು ವಾರದ ಅಂತರದಲ್ಲಿ ಬಂದು ವರ್ಜಿನ್ ದ್ವೀಪಗಳನ್ನೂ ಪೋರ್ಟೊ ರಿಕೊವನ್ನೂ ಮುರಿದು ಹೋದವು. 2024ರ ಜುಲೈ 1ರಂದು ಬೆರಿಲ್ ಗ್ರೆನೆಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. 2025ರ ಅಕ್ಟೋಬರ್ 28ರಂದು ಮೆಲಿಸಾ ಐದನೆಯ ದರ್ಜೆಯ ಚಂಡಮಾರುತವಾಗಿ ಜಮೈಕಾದ ನೈರುತ್ಯ ಕರಾವಳಿಗೆ ಅಪ್ಪಳಿಸಿತು.

ಆ ತಿಂಗಳುಗಳಲ್ಲೇ ರಜೆ ಸಿಗುವವರಿಗೆ ತಕ್ಕವು ವೆನೆಜುವೆಲಾದ ಕರಾವಳಿಯ ಹತ್ತಿರವಿರುವ ಅರೂಬಾ, ಬೊನೇರ್, ಕುರಸಾವ್. ಚಂಡಮಾರುತಗಳ ಮಾಮೂಲು ಹಾದಿ ಅವುಗಳ ಉತ್ತರಕ್ಕೆ ಹಾದುಹೋಗುತ್ತದೆ. ಗ್ರೆನೆಡಾವನ್ನೂ ಒಮ್ಮೆ ಇದೇ ಪಟ್ಟಿಗೆ ಸೇರಿಸುತ್ತಿದ್ದರು. 2004ರಲ್ಲಿ ಐವನ್ ಬಂದ ಮೇಲೆ ಆ ಮಾತು ನಿಂತಿತು.

ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಹವೆ ಅತ್ಯುತ್ತಮ, ಬೆಲೆಯೂ ಅತ್ಯುನ್ನತ. ಕ್ರಿಸ್‌ಮಸ್ ವಾರದ ಬೆಲೆ ಕಂಡರೆ ಊರಿಗೇ ಹೋಗಿಬರೋಣ ಎನ್ನಿಸುತ್ತದೆ. ಹವೆಯೂ ಬೆಲೆಯೂ ಒಟ್ಟಿಗೆ ಒಲಿಯುವ ಎರಡು ಕಿಂಡಿಗಳಿವೆ: ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಂದು, ಡಿಸೆಂಬರ್‌ನ ಮೊದಲ ಎರಡು ವಾರ ಇನ್ನೊಂದು. ಬೇಸಗೆಯ ಕಿಂಡಿಗೆ ಒಂದು ಕುಂದಿದೆ. ಸಾರ್ಗಾಸಮ್ ಎಂಬ ಕಂದು ಕಡಲಪಾಚಿ 2011ರಿಂದೀಚೆಗೆ ರಾಶಿರಾಶಿಯಾಗಿ ತೇಲಿ ಬರುತ್ತಿದೆ. ವಸಂತದಿಂದ ಬೇಸಗೆಯ ಕೊನೆಯವರೆಗೆ ಅದರ ಕಾಟ. ದಡಕ್ಕೆ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ದಡದ ದಿಕ್ಕು ಮುಖ್ಯವಾಗುವುದು ಇಲ್ಲಿ. ಕೆರಿಬಿಯನ್‌ನಲ್ಲಿ ಗಾಳಿ ವರ್ಷವಿಡೀ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಬಹುತೇಕ ದ್ವೀಪಗಳಿಗೆ ಎರಡು ಮುಖ. ಪೂರ್ವದ ದಡದಲ್ಲಿ ಅಟ್ಲಾಂಟಿಕ್‌ನ ಅಲೆ, ಸೆಳೆತ, ಕಡಲಪಾಚಿ. ಪಶ್ಚಿಮದ ದಡದಲ್ಲಿ ಕೆರೆಯಂಥ ನೀರು, ಸಮುದ್ರದಲ್ಲಿ ಮುಳುಗುವ ಸೂರ್ಯ. ಕಾರವಾರದಿಂದ ಉಳ್ಳಾಲದವರೆಗೆ ಎಲ್ಲಿ ನಿಂತರೂ ಸಂಜೆಯ ಸೂರ್ಯ ಕಡಲಿಗೇ ಇಳಿಯುವುದರಿಂದ ನಮ್ಮವರು ಇದನ್ನು ಕೇಳುವುದನ್ನೇ ಮರೆಯುತ್ತಾರೆ. ಪುಂಟಾ ಕಾನಾ ಪೂರ್ವಕ್ಕೆ ಮುಖ ಮಾಡಿದೆ. ಅಲ್ಲಿ ಸಮುದ್ರದಲ್ಲಿ ಸೂರ್ಯೋದಯ ನೋಡಬಹುದು, ಅಷ್ಟು ಬೇಗ ಏಳುವ ದಂಪತಿಯಾದರೆ. ಇನ್ನು ಉಬ್ಬರ-ಇಳಿತ ಇಲ್ಲಿ ಎಲ್ಲೆಡೆಯೂ ಬಹಳ ಕಡಿಮೆ. ಬೆಳಿಗ್ಗೆ ಹಾಸಿದ ಚಾಪೆ ಮಧ್ಯಾಹ್ನಕ್ಕೂ ಒಣಗಿಯೇ ಇರುತ್ತದೆ.

ತಟ್ಟೆ ಮತ್ತು ಥೈಲಿ

ಊಟ, ಮದ್ಯ, ಕೋಣೆ ಎಲ್ಲ ಸೇರಿ ಒಂದೇ ದರ ಹೇಳುವ ಸರ್ವಸೇರಿತ ಹೋಟೆಲುಗಳು ಕೆರಿಬಿಯನ್‌ನ ದೊಡ್ಡ ಆಕರ್ಷಣೆ. ಕೈಚೀಲ ತೆಗೆಯದೆ ಐದು ದಿನ ಕಳೆಯಬಹುದು ಎಂಬುದು ನಿಜ. ಆದರೆ ಆ ದರದಲ್ಲಿ ದೊಡ್ಡ ಪಾಲು ಮದ್ಯಕ್ಕೆ, ಮಾಂಸಕ್ಕೆ, ಸಮುದ್ರದ ಆಹಾರಕ್ಕೆ. ಇಬ್ಬರೂ ಸಸ್ಯಾಹಾರಿಗಳು, ಇಬ್ಬರೂ ಕುಡಿಯುವುದಿಲ್ಲ ಎಂದಾದರೆ ನೀವು ಪಕ್ಕದ ಮೇಜಿನವರ ಸೀಗಡಿಗೂ ರಮ್ಮಿಗೂ ಹಣ ಕಟ್ಟುತ್ತಿದ್ದೀರಿ. ಕುಡಿಯುವ, ಮೀನು ತಿನ್ನುವ ದಂಪತಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಮೊದಲ ಗುಂಪಿನವರು ಅಡುಗೆಮನೆ ಇರುವ ಸಣ್ಣ ಅಪಾರ್ಟ್‌ಮೆಂಟ್ ಹಿಡಿದು, ಒಂದು ಹೊತ್ತು ಮಾಡಿಕೊಂಡು ಒಂದು ಹೊತ್ತು ಹೊರಗೆ ತಿನ್ನುವುದು ಮೇಲು.

ಹೊರಗೆ ಏನು ಸಿಗುತ್ತದೆ ಎಂಬುದು ದ್ವೀಪದಿಂದ ದ್ವೀಪಕ್ಕೆ ಬದಲಾಗುತ್ತದೆ, ಅದರ ಹಿಂದೆ ಇತಿಹಾಸವಿದೆ. 1845ರ ಮೇ ತಿಂಗಳಲ್ಲಿ ಭಾರತದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗುಗಳು ಜಮೈಕಾಕ್ಕೂ ಟ್ರಿನಿಡಾಡಿಗೂ ಬಂದವು. 1917ರವರೆಗೆ ನಡೆದ ಆ ಸಾಗಣೆಯಲ್ಲಿ ಹೆಚ್ಚಿನವರು ಇಂದಿನ ಬಿಹಾರ, ಉತ್ತರ ಪ್ರದೇಶದವರು. ಮದ್ರಾಸಿನಿಂದ ಹತ್ತಿದವರೂ ಇದ್ದರು. ಹಾಗಾಗಿ ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ಸಸ್ಯಾಹಾರಿ ಹಸಿದಿರುವ ಪ್ರಮೇಯವೇ ಇಲ್ಲ. ಬಾರಾ ಎಂಬ ಕರಿದ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ ತುಂಬಿದ ಡಬಲ್ಸ್, ಬೇಳೆಯ ಹೂರಣದ ಖಾರ ರೊಟ್ಟಿ ಬೀದಿಬದಿಯಲ್ಲೇ ಸಿಗುತ್ತವೆ. ಜಮೈಕಾದಲ್ಲಿ ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರ ಐಟಲ್ ಅಡುಗೆ ಮಾಂಸವಿಲ್ಲದ್ದು. ಹರಿವೆಯ ಜಾತಿಯ ಸೊಪ್ಪಿನ ಕಲಲೂ, ತೆಂಗಿನಹಾಲಿನಲ್ಲಿ ಬೆಂದ ರಾಜ್ಮಾ ಕಾಳು-ಅನ್ನ ಮಂಗಳೂರಿನವರಿಗೆ ಹೊಸದೆನ್ನಿಸುವುದಿಲ್ಲ. ಜೀಗುಜ್ಜೆ ಬಹುತೇಕ ದ್ವೀಪಗಳಲ್ಲಿ ಇದೆ. 1793ರಲ್ಲಿ ಕ್ಯಾಪ್ಟನ್ ಬ್ಲೈ ತಹೀತಿಯಿಂದ ಅದರ ಸಸಿಗಳನ್ನು ತಂದದ್ದು ತೋಟದ ಗುಲಾಮರ ಹೊಟ್ಟೆ ಅಗ್ಗದಲ್ಲಿ ತುಂಬಿಸಲು. ಸ್ಪ್ಯಾನಿಷ್ ಮಾತಾಡುವ ದ್ವೀಪಗಳಲ್ಲಿ ಎಚ್ಚರ ಬೇಕು. ಪೋರ್ಟೊ ರಿಕೊದ ಬಾಳೆಕಾಯಿ ಖಾದ್ಯ ಮೊಫೋಂಗೊದಲ್ಲಿ ಸಾಮಾನ್ಯವಾಗಿ ಹಂದಿಯ ಚರ್ಮ ಜಜ್ಜಿ ಹಾಕಿರುತ್ತಾರೆ. ಕಾಳಿನ ಸಾರಿಗೂ ಮಾಂಸದ ರಸ ಬಿದ್ದಿರಬಹುದು.

ಬೆಲೆಯ ಬಗ್ಗೆ ಒಂದೇ ಮಾತು: ತಾಣಗಳಲ್ಲಿ ಕಾಣುವ ಕೋಣೆಯ ದರಕ್ಕೆ ಸರ್ಕಾರದ ತೆರಿಗೆಯೂ ಸೇವಾ ಶುಲ್ಕವೂ ಸೇರುತ್ತವೆ, ಕೆಲವು ದ್ವೀಪಗಳಲ್ಲಿ ಅದು ಶೇಕಡಾ 20 ದಾಟುತ್ತದೆ. ಒಟ್ಟು ಮೊತ್ತ ನೋಡಿ ಹೋಲಿಸಿ.

ಬಾರ್ಬಡೋಸ್

ಮೊದಲ ಸಲ ಹೋಗುವ ದಂಪತಿ, ಮಧ್ಯಮ ಬಜೆಟ್, ಒಬ್ಬರಿಗೆ ಮಲಗುವ ಆಸೆ, ಇನ್ನೊಬ್ಬರಿಗೆ ಓಡಾಡುವ ಆಸೆ ಎಂದರೆ ನನ್ನ ಬಾಯಲ್ಲಿ ಮೊದಲು ಬರುವ ಹೆಸರು ಇದು. ಕಾರಣ ಸರಳ. ಇಲ್ಲಿ ಹೋಟೆಲಿನಿಂದ ಹೊರಗೆ ಬಂದರೆ ಒಂದು ದೇಶ ಸಿಗುತ್ತದೆ. ಕಡಲತೀರಗಳೆಲ್ಲ ಸಾರ್ವಜನಿಕ. ಸರ್ಕಾರಿ ನೀಲಿ ಬಸ್ಸುಗಳೂ ಹಾಡು ಜೋರಾಗಿ ಹಾಕಿಕೊಂಡು ಓಡುವ ಖಾಸಗಿ ವ್ಯಾನುಗಳೂ ಕರಾವಳಿಯುದ್ದಕ್ಕೂ ಸಿಗುತ್ತವೆ, ಕಾರು ಬಾಡಿಗೆಗೆ ಹಿಡಿಯಲೇಬೇಕೆಂದಿಲ್ಲ. ಬಾರ್ಬಡೋಸ್‌ನ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್. ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ದ್ವೀಪದ ಒಳಗೂ ಆಯ್ಕೆ ಇದೆ. ಹೋಲ್‌ಟೌನ್ ಸುತ್ತಲಿನ ಪಶ್ಚಿಮ ಕರಾವಳಿ ನೀರು ನಿಶ್ಚಲವಾಗಿರುವ, ಸಿರಿವಂತರು ಇಳಿಯುವ ಜಾಗ. ವರ್ದಿಂಗ್, ಡೋವರ್, ಸೇಂಟ್ ಲಾರೆನ್ಸ್ ಗ್ಯಾಪ್ ಇರುವ ದಕ್ಷಿಣ ಕರಾವಳಿಯಲ್ಲಿ ಸ್ವಲ್ಪ ಅಲೆ, ಸ್ವಲ್ಪ ಗದ್ದಲ, ಕೋಣೆಗೆ ಬಹಳ ಕಡಿಮೆ ಬಾಡಿಗೆ. ಪ್ರವಾಸಿ ಋತು ಮುಗಿದ ಮೇಲೆ ಅಡುಗೆಮನೆ ಸಹಿತದ ಕೋಣೆ ರಾತ್ರಿಗೆ ಅಮೆರಿಕದ ಸುಮಾರು 150 ಡಾಲರ್ ಒಳಗೇ ಸಿಗುವುದು ಇಲ್ಲಿ. ಪೂರ್ವದ ಬಾಥ್‌ಶೀಬಾಕ್ಕೆ ಒಂದು ದಿನ ಹೋಗಿ ಬನ್ನಿ, ನೋಡಲು; ಈಜಲು ಅಲ್ಲ. ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿಯಲ್ಲಿ ಆಮೆಗಳ ಜೊತೆ ಈಜಬಹುದು. ಶುಕ್ರವಾರ ರಾತ್ರಿ ಆಯಿಸ್ಟಿನ್ಸ್‌ನ ಮೀನಿನ ಸಂತೆ, ಮೀನು ತಿನ್ನದವರಿಗೂ ಸಂಗೀತಕ್ಕಾಗಿ ಹೋಗಬೇಕಾದದ್ದು.

ಮತ್ತೆ ಕೆನ್ಸಿಂಗ್ಟನ್ ಓವಲ್. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲಿ. 2007ರಲ್ಲಿ ಇದೇ ಕೆರಿಬಿಯನ್‌ನ ವಿಶ್ವಕಪ್‌ನಲ್ಲಿ ನಾಯಕನಾಗಿ ಮೊದಲ ಸುತ್ತಿನಲ್ಲೇ ಸೋತು ಮರಳಿದ್ದ ರಾಹುಲ್ ದ್ರಾವಿಡ್, ಈ ಸಲ ತರಬೇತುದಾರರಾಗಿ ಕಪ್ ಎತ್ತಿ ಕೂಗಿದ್ದನ್ನು ಕಂಡವರು ಆ ಮೈದಾನದ ಹೊರಗೆ ನಿಂತಾದರೂ ಬರುತ್ತಾರೆ. ಜೊತೆಗಾರ್ತಿಗೋ ಜೊತೆಗಾರನಿಗೋ ಕ್ರಿಕೆಟ್ ಬೇಡವೆಂದರೆ ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ.

ಬಾರ್ಬಡೋಸ್‌ನ ಕೊರತೆ ಏನು? ಬೆಟ್ಟವಿಲ್ಲ. ನೆಲ ಬಹುಪಾಲು ಹವಳದ ಸುಣ್ಣಕಲ್ಲು, ಕಣ್ಣು ಅರಳಿಸುವ ಕಾಡು-ಕಣಿವೆ ಕಡಿಮೆ. ಹೊರಗಿನ ಊಟವೂ ದಿನಸಿಯೂ ಅಗ್ಗವಲ್ಲ. ಏಕಾಂತ ಬೇಕು ಎನ್ನುವ ನವದಂಪತಿಗೆ ದಕ್ಷಿಣ ಕರಾವಳಿ ತುಸು ಗಿಜಿಗಿಜಿ ಎನ್ನಿಸಬಹುದು.

ಸೇಂಟ್ ಲೂಸಿಯಾ

ಆ ಏಕಾಂತಕ್ಕೆ ಇದು. ಸುಫ್ರಿಯೇರ್ ಪಟ್ಟಣದ ಪಕ್ಕ ಸಮುದ್ರದಿಂದ ನೆಟ್ಟಗೆ ಏಳುವ ಎರಡು ಶಿಖರಗಳು, 770 ಮೀಟರಿನ ಗ್ರೋ ಪಿಟೋನ್ ಮತ್ತು 743 ಮೀಟರಿನ ಪೆಟಿ ಪಿಟೋನ್, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ದೊಡ್ಡದನ್ನು ಮಾರ್ಗದರ್ಶಕರ ಜೊತೆ ಒಂದು ಬೆಳಗಿನಲ್ಲಿ ಹತ್ತಿಳಿಯಬಹುದು. ಕುಮಾರಪರ್ವತ ಹತ್ತಿದ ಕಾಲಿಗೆ ಇದು ಹೆಚ್ಚಲ್ಲ. ಕುದಿಯುವ ಗಂಧಕದ ಬುಗ್ಗೆ, ಕೆಸರಿನ ಸ್ನಾನ, ಕೋಕೋ ತೋಟ, ಜಲಪಾತ ಎಲ್ಲ ಸುತ್ತಮುತ್ತಲೇ ಇವೆ. ಆಸಕ್ತಿ ಇರುವವರಿಗೆ ಇನ್ನೊಂದು ಸಂಗತಿ: ಎರಡು ಲಕ್ಷದಷ್ಟೂ ಜನರಿಲ್ಲದ ಈ ನಾಡು ಎರಡು ನೊಬೆಲ್ ಕಂಡಿದೆ, 1979ರಲ್ಲಿ ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್, 1992ರಲ್ಲಿ ಸಾಹಿತ್ಯಕ್ಕೆ ಡೆರೆಕ್ ವಾಲ್ಕಾಟ್.

ಆದರೆ ಕಡಲತೀರಕ್ಕಾಗಿಯೇ ಹೋಗುವವರು ಇಲ್ಲಿ ಕೊಂಚ ಯೋಚಿಸಬೇಕು. ಜ್ವಾಲಾಮುಖಿಯ ದ್ವೀಪವಾದ್ದರಿಂದ ಸುಫ್ರಿಯೇರ್ ಕಡೆಯ ಮರಳು ಬೂದು, ಕೊಲ್ಲಿಗಳು ಚಿಕ್ಕವು. ಹೊನ್ನಿನ ಬಣ್ಣದ ಉದ್ದ ದಡ ಬೇಕಾದರೆ ಉತ್ತರದ ರಾಡ್ನಿ ಕೊಲ್ಲಿಯ ರೆಡುಯಿ ತೀರಕ್ಕೆ ಹೋಗಬೇಕು, ಅಲ್ಲಿಂದ ಪಿಟೋನ್‌ಗಳು ಪಕ್ಕದಲ್ಲಿಲ್ಲ. ಅಂತಾರಾಷ್ಟ್ರೀಯ ವಿಮಾನಗಳು ಇಳಿಯುವುದು ದಕ್ಷಿಣ ತುದಿಯ ಹೆವನೋರಾದಲ್ಲಿ. ಅಲ್ಲಿಂದ ರಾಡ್ನಿ ಕೊಲ್ಲಿಗೆ ಒಂದೂವರೆ ಗಂಟೆಯ ಅಂಕುಡೊಂಕು ರಸ್ತೆ, ಟ್ಯಾಕ್ಸಿ ದುಬಾರಿ. ಚಾರ್ಮಾಡಿ ಘಾಟಿಯಲ್ಲಿ ಕಾರು ಓಡಿಸಿದವರು ಸಲೀಸಾಗಿ ಓಡಿಸುತ್ತಾರೆ, ಎಡಬದಿಯ ಸಂಚಾರವೂ ನಮ್ಮದೇ. ಸ್ಥಳೀಯ ತಾತ್ಕಾಲಿಕ ಪರವಾನಗಿ ಮಾತ್ರ ತೆಗೆದುಕೊಳ್ಳಬೇಕು.

ಹಣವಿದ್ದರೆ ಸುಫ್ರಿಯೇರ್‌ನ ಬೆಟ್ಟದ ಇಳಿಜಾರಿನ ಹೋಟೆಲುಗಳಲ್ಲಿ ಒಂದು ಗೋಡೆಯೇ ಇಲ್ಲದ, ನೇರ ಶಿಖರಕ್ಕೆ ತೆರೆದ ಕೋಣೆಗಳಿವೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇಡೀ ವಾರ ಅಲ್ಲಿರಲು ಆಗದವರು ನಾಲ್ಕು ರಾತ್ರಿ ಉತ್ತರದಲ್ಲಿ ಸಾಧಾರಣ ಕೋಣೆ, ಕೊನೆಯ ಎರಡು ರಾತ್ರಿ ಸುಫ್ರಿಯೇರ್‌ನಲ್ಲಿ ಒಳ್ಳೆಯ ಕೋಣೆ ಎಂದು ಒಡೆದುಕೊಳ್ಳಲಿ. ಈ ಕ್ರಮದಲ್ಲೇ ಮಾಡಿ. ಸುಫ್ರಿಯೇರ್ ವಿಮಾನ ನಿಲ್ದಾಣಕ್ಕೆ ಹತ್ತಿರ, ಹಿಂತಿರುಗುವ ದಿನ ಅವಸರವಿರುವುದಿಲ್ಲ. ಐದನೆಯ ದಿನಕ್ಕೂ ನೋಡುವುದು ಉಳಿದಿರುವ ದ್ವೀಪ ಇದು. ಅಂಗಾತ ಮಲಗುವುದಷ್ಟೇ ಉದ್ದೇಶವಾದರೆ ಇಲ್ಲಿಗೆ ಕೊಟ್ಟ ಹಣ ದಂಡ.

ಅರೂಬಾ

ಅಂಗಾತ ಮಲಗುವವರ ದ್ವೀಪ ಅರೂಬಾ, ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಈಗಲ್ ಬೀಚ್ ಅಗಲವಾಗಿದೆ, ಬೆಳ್ಳಗಿದೆ, ಪಶ್ಚಿಮಕ್ಕೆ ತೆರೆದಿದೆ, ಮತ್ತು ಮಳೆ ಬಂದು ದಿನ ಕೆಡುವುದು ಬಲು ವಿರಳ. ವರ್ಷದ ಮಳೆ ಸುಮಾರು 500 ಮಿಲಿಮೀಟರ್, ನಮ್ಮ ಚಿತ್ರದುರ್ಗದಷ್ಟು. ನೆಲವೂ ಹಾಗೆಯೇ: ಕಳ್ಳಿ, ಬಂಡೆ, ಮೇಕೆ. ಹಸಿರು ಗುಡ್ಡದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ವಿಮಾನ ಇಳಿಯುವಾಗಲೇ ಪೆಚ್ಚೆನಿಸುತ್ತದೆ. ಗಾಳಿ ಬಿಡದೆ ಬೀಸುತ್ತದೆ. ಅದರಿಂದ ಸೊಳ್ಳೆ ಕಡಿಮೆ, ಬಿಸಿಲಿನ ಅರಿವೂ ಕಡಿಮೆ. ಆ ಎರಡನೆಯದರಿಂದ ಬೆನ್ನು ಸುಟ್ಟುಕೊಳ್ಳುವವರು ಬಹಳ.

ಅರೂಬಾದ ನಿಜವಾದ ಗುಣ ಅನುಕೂಲ. ಅಮೆರಿಕಕ್ಕೆ ಮರಳುವವರ ವಲಸೆ ತಪಾಸಣೆ ಅಲ್ಲಿನ ನಿಲ್ದಾಣದಲ್ಲೇ ಮುಗಿಯುತ್ತದೆ. ಹಾಗಾಗಿ ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲೇ ಹೋಗಬೇಕು. ನಲ್ಲಿಯ ನೀರು ಸಮುದ್ರದಿಂದ ಶುದ್ಧೀಕರಿಸಿದ್ದು, ಧಾರಾಳವಾಗಿ ಕುಡಿಯಬಹುದು. ಡಾಲರ್ ಎಲ್ಲೆಡೆ ನಡೆಯುತ್ತದೆ. ಎಲ್ಲವೂ ಎಷ್ಟು ಸಲೀಸೆಂದರೆ, ಫ್ಲಾರಿಡಾದಿಂದ ಹೊರಬಂದಿದ್ದೇವೆಯೇ ಎಂಬ ಅನುಮಾನ ಕೆಲವೊಮ್ಮೆ ಬರುತ್ತದೆ. ಪಾಮ್ ಬೀಚ್‌ನ ಎತ್ತರದ ಹೋಟೆಲುಗಳ ಸಾಲಿನಲ್ಲಂತೂ ಖಂಡಿತ. ಈಗಲ್ ಬೀಚ್‌ನ ತಗ್ಗು ಕಟ್ಟಡಗಳ ಕಡೆ ಉಳಿಯಿರಿ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಹಾನಿಯೆಂದು ಇಲ್ಲಿ 2020ರಿಂದ ನಿಷಿದ್ಧ.

ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ವಿವಾಹ ವಾರ್ಷಿಕೋತ್ಸವ ಇರುವವರು ಇದನ್ನೇ ಆರಿಸಿ. ಇಲ್ಲವೇ ಪಕ್ಕದ ಕುರಸಾವ್ ನೋಡಿ. ಅಲ್ಲಿ ಉದ್ದ ದಡವಿಲ್ಲ, ಬಂಡೆಗಳ ನಡುವೆ ಅಡಗಿದ ಪುಟ್ಟ ಕೊಲ್ಲಿಗಳಿವೆ. ಜೊತೆಗೆ ವಿಲೆಮ್‌ಸ್ಟಾಡ್ ಎಂಬ ಬಣ್ಣಬಣ್ಣದ ಡಚ್ ಕಟ್ಟಡಗಳ ಹಳೆಯ ಬಂದರಿದೆ. ಕಾರು ಬೇಕೇ ಬೇಕು.

ಪುಂಟಾ ಕಾನಾ ಮತ್ತು ಜಮೈಕಾ

ಕಡಿಮೆ ಹಣಕ್ಕೆ ಹೆಚ್ಚು ಹೋಟೆಲು ಎಂದರೆ ಪುಂಟಾ ಕಾನಾ. ಅದನ್ನು ಸೋಲಿಸುವ ಇನ್ನೊಂದು ಜಾಗ ಈ ಸಮುದ್ರದಲ್ಲಿಲ್ಲ. ಬಾವರೋ ದಡ ಉದ್ದವಾಗಿದೆ, ತೆಂಗು ಸಾಲುಸಾಲಾಗಿವೆ, ವಿಮಾನಗಳು ಬೇಕಾದಷ್ಟು. ಆದರೆ ಪೂರ್ವದ ದಡ. ಬೇಸಗೆಯಲ್ಲಿ ಕಡಲಪಾಚಿ ಮೊದಲು ಬಂದು ಬೀಳುವ ಜಾಗಗಳಲ್ಲಿ ಇದೂ ಒಂದು. ಹೋಟೆಲಿನ ಬೇಲಿಯ ಆಚೆ ಊರೆಂಬುದು ಹೆಚ್ಚೇನಿಲ್ಲ. ಜನವರಿ ಮಧ್ಯದಿಂದ ಮಾರ್ಚ್‌ವರೆಗೆ ಹೋಗುವವರು ಉತ್ತರದ ಸಮಾನಾ ಕೊಲ್ಲಿಗೆ ಒಂದು ದಿನ ಕೊಡಲಿ. ಮರಿ ಹಾಕಲು ಅಟ್ಲಾಂಟಿಕ್‌ನಿಂದ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ನೀರಿನಿಂದ ಮೇಲೆ ಹಾರುವುದು ಅಲ್ಲಿ ಕಾಣುತ್ತದೆ.

ಜಮೈಕಾ ಇದಕ್ಕೆ ಸರಿ ವಿರುದ್ಧ. ಸಂಗೀತ, ಅಡುಗೆ, ನೀಲಿ ಬೆಟ್ಟದ ಕಾಫಿ, ಜಲಪಾತ ಎಲ್ಲದರಲ್ಲೂ ಇಷ್ಟು ಗಟ್ಟಿ ವ್ಯಕ್ತಿತ್ವದ ದ್ವೀಪ ಇನ್ನೊಂದಿಲ್ಲ. ನೆಗ್ರಿಲ್‌ನ ಪಶ್ಚಿಮದ ದಡ, ಅಲ್ಲಿನ ಬಂಡೆಗಳ ಮೇಲಿನ ಸಂಜೆ ದಂಪತಿಗಳಿಗೆಂದೇ ಮಾಡಿದಂತಿದೆ. ಮಾರುವವರ ಒತ್ತಾಯ ತುಸು ಹೆಚ್ಚು, ರಾತ್ರಿ ಅಪರಿಚಿತ ಬೀದಿಗಳಲ್ಲಿ ಅಲೆಯುವುದು ಬೇಡ. ಮೆಲಿಸಾ ಹೆಚ್ಚು ಬಡಿದದ್ದು ಪಶ್ಚಿಮ ಭಾಗವನ್ನೇ. ಆದ್ದರಿಂದ ನಿಮ್ಮ ಹೋಟೆಲು ಪೂರ್ಣವಾಗಿ ತೆರೆದಿದೆಯೇ, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ ಎಂದು ಅವರಿಗೇ ಬರೆದು ಕೇಳಿ. ತೆರೆದಿದ್ದರೆ ಹೋಗಿ, ಅಲ್ಲಿನವರ ಬದುಕು ಪ್ರವಾಸಿಗರ ಮೇಲೆ ನಿಂತಿದೆ.

ಪೋರ್ಟೊ ರಿಕೊ, ಸೇಂಟ್ ಜಾನ್

ವೀಸಾದ ಕಾರಣಕ್ಕೆ ಇಲ್ಲಿಗೆ ಬಂದವರು ಎರಡನೆಯ ದರ್ಜೆಯದನ್ನು ಆರಿಸಿಕೊಂಡಿದ್ದೇವೆ ಎಂದುಕೊಳ್ಳಬೇಕಿಲ್ಲ. ಹಳೆಯ ಸ್ಯಾನ್ ಹ್ವಾನ್‌ನ ಕಲ್ಲುಹಾಸಿನ ಬೀದಿಗಳು, ಎಲ್ ಮೋರೋ ಕೋಟೆಯ ಮುಂದಿನ ಹುಲ್ಲುಗಾವಲು, ಎಲ್ ಯುಂಕೆ ಮಳೆಕಾಡು ಇವಿಷ್ಟು ಒಂದೇ ದ್ವೀಪದಲ್ಲಿ ಬೇರೆಡೆ ಸಿಗುವುದಿಲ್ಲ. ನಿಮ್ಮ ಮೊಬೈಲ್ ಸಂಪರ್ಕ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತದೆ. ನಗರದ ಕಡಲತೀರಗಳು ಸಾಧಾರಣ. ಅಸಾಧಾರಣವಾದದ್ದು ಕುಲೇಬ್ರಾ ದ್ವೀಪದ ಫ್ಲಾಮೆಂಕೊ. ಸೇಬಾದಿಂದ ದೋಣಿಯ ಟಿಕೆಟ್ ಅಗ್ಗ, ಆದರೆ ಸಿಗುವುದು ಕಷ್ಟ; ಮುಂಚೆಯೇ ತೆಗೆದಿಡಿ. ವಿಯೇಕೆಸ್ ದ್ವೀಪದ ಸೊಳ್ಳೆ ಕೊಲ್ಲಿಯಲ್ಲಿ (ಮಸ್ಕಿಟೊ ಬೇ) ರಾತ್ರಿ ಕೈಯಾಡಿಸಿದರೆ ನೀರು ನೀಲಿಯಾಗಿ ಹೊಳೆಯುತ್ತದೆ, ಸೂಕ್ಷ್ಮಜೀವಿಗಳ ಬೆಳಕು ಅದು. ಹುಣ್ಣಿಮೆಯ ಆಸುಪಾಸು ಹೋದರೆ ಅಷ್ಟಾಗಿ ಕಾಣುವುದಿಲ್ಲ. ಪಂಚಾಂಗ ನೋಡಿ ದಿನ ಗೊತ್ತುಮಾಡುವುದು ನಮಗೆ ಹೊಸತಲ್ಲ, ಅಮಾವಾಸ್ಯೆಯ ವಾರ ಹಿಡಿಯಿರಿ.

ನೀರಿನ ಸ್ವಚ್ಛತೆಗೇ ಹೆಚ್ಚು ಅಂಕ ಕೊಡುವವರಿಗೆ ವರ್ಜಿನ್ ದ್ವೀಪಗಳ ಸೇಂಟ್ ಜಾನ್. ಲಾರೆನ್ಸ್ ರಾಕ್‌ಫೆಲ್ಲರ್ ಕೊಡುಗೆಯಾಗಿ ಕೊಟ್ಟ ಜಮೀನಿನಿಂದ 1956ರಲ್ಲಿ ರಾಷ್ಟ್ರೀಯ ಉದ್ಯಾನವಾದದ್ದರಿಂದ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕಟ್ಟಡಗಳು ಅಪರೂಪ. ಟ್ರಂಕ್ ಕೊಲ್ಲಿಯಲ್ಲಿ ನೀರಿನಡಿ ಫಲಕಗಳನ್ನು ನೆಟ್ಟ ಈಜುಹಾದಿಯಿದೆ. ಮಾಹೋ ಕೊಲ್ಲಿಯಲ್ಲಿ ಆಮೆಗಳು. ಸೇಂಟ್ ಥಾಮಸ್‌ನ ರೆಡ್ ಹುಕ್‌ನಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ. ಉಳಿಯುವ ಜಾಗ ಕಡಿಮೆ, ಆದ್ದರಿಂದ ದುಬಾರಿ. ದಿನಸಿಯಂತೂ ಕಣ್ಣು ಕೆಂಪಾಗಿಸುತ್ತದೆ.

ಉಳಿದವು, ಚುಟುಕಾಗಿ

ಟರ್ಕ್ಸ್ ಮತ್ತು ಕೈಕೋಸ್‌ನ ಗ್ರೇಸ್ ಬೇ ನೀರಿನ ಬಣ್ಣದಲ್ಲಿ ಎಲ್ಲರನ್ನೂ ಮೀರಿಸುತ್ತದೆ. ನದಿಗಳಿಲ್ಲದ ಸುಣ್ಣಕಲ್ಲಿನ ನೆಲ, ಕೆಸರು ಬಂದು ಸೇರುವುದೇ ಇಲ್ಲ. ಆ ಬಣ್ಣ ಬಿಟ್ಟರೆ ಮಾಡಲು ಹೆಚ್ಚೇನಿಲ್ಲ, ಪ್ರವಾಸಿ ಋತುವಿನಲ್ಲಿ ದಡದ ಕೋಣೆ ರಾತ್ರಿಗೆ 500 ಡಾಲರ್ ದಾಟುವುದು ಸಾಮಾನ್ಯ. ನಾಲ್ಕು ದಿನಕ್ಕೆ ಸರಿ, ಎಂಟು ದಿನಕ್ಕೆ ಅಲ್ಲ. ಆಂಟಿಗಾ ದಿನಕ್ಕೊಂದರಂತೆ 365 ಕಡಲತೀರಗಳಿವೆ ಎಂದು ಹೇಳಿಕೊಳ್ಳುತ್ತದೆ. 2002ರಲ್ಲಿ ಮುರಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಅನಿಲ್ ಕುಂಬ್ಳೆ ಲಾರಾನನ್ನು ಔಟ್ ಮಾಡಿದ ಮೈದಾನ ಅಲ್ಲಿನ ಸೇಂಟ್ ಜಾನ್ಸ್ ಪಟ್ಟಣದ ನಡುವೆಯೇ ಇದೆ. ಗ್ರೆನೆಡಾದಲ್ಲಿ ಗ್ರ್ಯಾಂಡ್ ಆನ್ಸ್ ಎಂಬ ಉದ್ದ ಪಶ್ಚಿಮದ ದಡ, ಜಾಯಿಕಾಯಿ ತೋಟ, ನೀರಿನಡಿಯ ಶಿಲ್ಪವನ ಇವೆ, ಜನಸಂದಣಿ ಇಲ್ಲ. ಬಾರ್ಬಡೋಸನ್ನು ಒಮ್ಮೆ ನೋಡಿದವರ ಎರಡನೆಯ ಪ್ರವಾಸಕ್ಕೆ ನಾನು ಹೇಳುವುದು ಇದನ್ನು. ಟೊಬೇಗೊ ಸಸ್ಯಾಹಾರಿಗಳಿಗೂ ಕಾಡುಪ್ರಿಯರಿಗೂ ಒಟ್ಟಿಗೆ ಒಪ್ಪುತ್ತದೆ. ಅಲ್ಲಿನ ಮೇನ್ ರಿಜ್ ಕಾಡಿಗೆ 1776ರಲ್ಲೇ ಕಾನೂನಿನ ರಕ್ಷಣೆ ಸಿಕ್ಕಿತ್ತು. ವಿಮಾನ ಬದಲಾಯಿಸುವ ತಾಳ್ಮೆ ಬೇಕು.

ಹೆಸರು ಗೊತ್ತಾದ ಮೇಲೆ ಕೋಣೆ ಕಾದಿರಿಸುವಾಗ ನಕ್ಷೆ ತೆರೆದು ಹೋಟೆಲು ಯಾವ ದಿಕ್ಕಿನ ದಡದಲ್ಲಿದೆ ನೋಡಿ. ಜೂನ್‌ನಿಂದ ನವೆಂಬರ್‌ವರೆಗಿನ ಪ್ರವಾಸವಾದರೆ ಪ್ರಯಾಣ ವಿಮೆಯನ್ನು ಟಿಕೆಟಿನ ಜೊತೆಗೇ ತೆಗೆದುಕೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತದ ನಷ್ಟವನ್ನು ತುಂಬಿಕೊಡುವುದಿಲ್ಲ. ಪೆಟ್ಟಿಗೆ ಕಟ್ಟುವಾಗ ಸೈನಿಕರ ಉಡುಪಿನ ವಿನ್ಯಾಸದ ಪ್ಯಾಂಟು, ಟೋಪಿ ಇದ್ದರೆ ಮನೆಯಲ್ಲೇ ಬಿಡಿ: ಬಾರ್ಬಡೋಸ್, ಸೇಂಟ್ ಲೂಸಿಯಾ, ಜಮೈಕಾ, ಗ್ರೆನೆಡಾ ಮುಂತಾದೆಡೆ ನಾಗರಿಕರು ಅದನ್ನು ತೊಡುವುದು ಅಪರಾಧ.